ಹೆಣ್ಣುಮಕ್ಕಳ ರೇಟು

ನನಗೆ ಸೊರಬದಲ್ಲಿ ಒಂದು ಅಡ್ಡಹೆಸರಿದೆ: ಏಳು ಪರ್ಸೆಂಟಮ್ಮ. ಇಟ್ಟವರು ನಮ್ಮ ಯಜಮಾನರು ರಾಜಕುಮಾರ್ ಪಾಠ ಮಾಡುವ ಹೈಸ್ಕೂಲಿನ ಮೇಷ್ಟ್ರುಗಳು. ಎದುರಿಗೆ ಸಿಕ್ಕರೆ ‘ನಮಸ್ಕಾರ ಪ್ರಮೀಳಾ ಮೇಡಂ’ ಅನ್ನುತ್ತಾರೆ, ನಾನು ದಾಟಿ ಹೋದ ಮೇಲೆ ಕಿಸಕ್ಕೆಂದು ನಗುತ್ತಾರೆ. ನಗಲಿ ಬಿಡಿ, ನಗುವುದಕ್ಕೆ ಸರ್ಕಾರ ಇನ್ನೂ ತೆರಿಗೆ ಹಾಕಿಲ್ಲ.

ಹೆಸರು ಬಂದ ಕತೆ ಸಣ್ಣದು. ಹೋದ ವರ್ಷ ಆ ಶಾಲೆಯ ಸ್ಟಾಫ್ ರೂಮಿಗೆ ಶೇರಿನ ಹುಚ್ಚು ಹಿಡಿಯಿತು. ಡ್ರಿಲ್ ಮೇಷ್ಟ್ರಿಂದ ಹಿಡಿದು ಹಿಂದಿ ಟೀಚರ್ ತನಕ ಎಲ್ಲರ ಮೊಬೈಲಿನಲ್ಲೂ ಹಸಿರು, ಕೆಂಪು ಗೆರೆಗಳು. ನಮ್ಮವರೂ ಒಂದು ಸಂಜೆ ಚಹಾ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಒರಗಿ ಬಹಳ ಮೆತ್ತಗೆ ಮಾತು ತೆಗೆದರು. ಸೋಲಾರ್ ಪಂಪು ಮಾಡುವ ಕಂಪನಿಯೊಂದಿದೆಯಂತೆ, ನಮ್ಮ ಠೇವಣಿ ಮುರಿದು ಅದರ ಶೇರು ಕೊಳ್ಳೋಣವಂತೆ.

“ಒಂದು ಶೇರಿಗೆ ಎಷ್ಟಂತ್ರೀ?” ಅಂದೆ.

“ಆರುನೂರು. ಮುಂದಿನ ವಾರ ಆರುನೂರೈವತ್ತು ದಾಟತ್ತೆ.”

“ಮುಂದಿನ ವಾರದ್ದು ಬಿಡಿ. ಆ ಕಂಪನಿ ವರ್ಷಕ್ಕೆ ಒಂದು ಶೇರಿನ ಮೇಲೆ ಎಷ್ಟು ಲಾಭ ಮಾಡತ್ತೆ?”

ಅವರು ಮೊಬೈಲು ಕೆದಕಿದರು. ಬಹಳ ಹೊತ್ತು ಕೆದಕಿದರು. ಆ ಪ್ರಶ್ನೆಯನ್ನು ಸ್ಟಾಫ್ ರೂಮಿನಲ್ಲಿ ಯಾರೂ ಕೇಳಿರಲಿಲ್ಲ ಅನ್ನುವುದು ಅಲ್ಲಿಗೇ ಗೊತ್ತಾಯಿತು.

“ಹನ್ನೆರಡು ರೂಪಾಯಿ,” ಅಂದರು.

“ಆರುನೂರಕ್ಕೆ ಹನ್ನೆರಡು. ಅಂದ್ರೆ ನೂರಕ್ಕೆ ಎರಡು. ಸರ್ಕಾರಕ್ಕೆ ಸಾಲ ಕೊಟ್ಟು ಬಾಂಡ್ ತಗೊಂಡು ಸುಮ್ನೆ ಕೂತ್ರೆ ನೂರಕ್ಕೆ ಏಳು ಬರತ್ತೆ. ಏಳು ಬಿಟ್ಟು ಎರಡರ ಹಿಂದೆ ಎಂತಕ್ಕೆ ಓಡ್ಬೇಕು?”

“ಕಂಪನಿ ಬೆಳೆಯತ್ತೆ ಮಾರಾಯ್ತಿ! ನಿನ್ನ ಬಾಂಡ್ ಬೆಳೆಯತ್ತಾ?”

ಆ ಮಾತಿನಲ್ಲಿ ನ್ಯಾಯವಿದೆ, ನಾನು ಇಲ್ಲ ಅನ್ನುವುದಿಲ್ಲ. ಬಾಂಡಿನ ಏಳು ಹತ್ತು ವರ್ಷವಾದರೂ ಏಳೇ. ಕಂಪನಿಯ ಎರಡು ನಾಲ್ಕಾಗಬಹುದು, ಎಂಟಾಗಬಹುದು. ಆದರೆ ಒಂದಾಗಲೂಬಹುದು, ಸೊನ್ನೆಯೂ ಆಗಬಹುದು. ಆ ಭಯವನ್ನು ನಾನು ಪುಕ್ಕಟೆ ಹೊರಬೇಕೇ? ಅದಕ್ಕೇ ನನ್ನದೊಂದು ನಿಯಮ. ಬಾಂಡ್ ಏಳು ಕೊಡುತ್ತಿರುವಾಗ, ನಾನು ಕೊಡುವ ಬೆಲೆಗೆ ಕಂಪನಿ ಒಂಬತ್ತಾದರೂ ದುಡಿಯುತ್ತಿರಬೇಕು. ಸಾಲ ಹೆಚ್ಚಿರಬಾರದು, ಲಾಭ ಒಂದು ವರ್ಷದ ಅದೃಷ್ಟವಾಗಿರಬಾರದು. ಇಷ್ಟಿದ್ದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಊರೆಲ್ಲ ಕುಣಿದರೂ ನಾನು ಕೂತಿರುತ್ತೇನೆ. ಇಲ್ಲಿನ ಒಂದು ಸಹಕಾರ ಸಂಘದ ಠೇವಣಿ ಕೌಂಟರಿನಲ್ಲಿ ಕೆಲಸ ಮಾಡುತ್ತಾ, ಹದಿನೈದು ವರ್ಷದಿಂದ ಹೀಗೇ ಒಂದೊಂದಾಗಿ ಶೇರು ಕೊಂಡು ಒಂದಿಷ್ಟು ಕೂಡಿಸಿದ್ದೇನೆ.

ಆ ಸಂಜೆ ನಮ್ಮವರು ಠೇವಣಿ ಮುರಿಯಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಕಾರಣ ಹೇಳಿದರು, ನನಗೆ ಹೆಸರು ಬಂತು.

ಹೆಸರಿನ ಬಗ್ಗೆ ನನಗೆ ನಾಚಿಕೆಯೇನಿಲ್ಲ. ನಮ್ಮದು ಕುರಿ ಸಾಕುವ ಮನೆ. ನಮ್ಮಪ್ಪ ಗುಡ್ಡಪ್ಪ ಕುರಿ ಕೊಳ್ಳುವಾಗ ಅದರ ಮೈ ಸವರಿ ಮರುಳಾಗುತ್ತಿರಲಿಲ್ಲ. ಎಷ್ಟು ಸಲ ಈದಿದೆ, ಎಷ್ಟು ಮರಿ ಉಳಿದಿವೆ ಎಂದು ಕೇಳಿ, ಆಮೇಲೆ ಬೆಲೆ ಕೇಳುತ್ತಿದ್ದ. ಬೇಸಿಗೆ ಬಂದರೆ ಮಂದೆ ಹೊಡೆದುಕೊಂಡು ಹೊರಡುವುದು, ಕಂಡವರ ಹೊಲದಲ್ಲಿ ರಾತ್ರಿ ತಂಗಿಸುವುದು, ಕುರಿ ಹಾಕಿದ ಗೊಬ್ಬರಕ್ಕೆ ಹೊಲದವರು ಕೊಟ್ಟ ಕಾಳು ದುಡ್ಡು ತರುವುದು. ಶಾಲೆಗೆ ರಜೆ ಬಿಟ್ಟ ಕೂಡಲೇ ನಾನೂ ಹೋಗುತ್ತಿದ್ದೆ. ತಮ್ಮ ಯತೀಶ ಚಿಕ್ಕವನು, ಅವ್ವನ ಜೊತೆ ಮನೆಯಲ್ಲಿರುತ್ತಿದ್ದ. ಹಾಗೆ ಕಂಡವರ ಹೊಲದಲ್ಲಿ ಮಲಗಿ ಎದ್ದು ಕೂಡಿಟ್ಟ ದುಡ್ಡಿನಲ್ಲಿ ಅಪ್ಪ ಶಿಕಾರಿಪುರ ತಾಲ್ಲೂಕಿನ ನಮ್ಮೂರು ತಾಳಗುಂದದಲ್ಲಿ ನಾಲ್ಕು ಎಕರೆ ಹೊಲ ಕೊಂಡ. ಸ್ವಂತ ಹೊಲದಲ್ಲಿ ಮೊದಲ ರಾತ್ರಿ ಮಂದೆ ತಂಗಿಸಿದಾಗ ಅವನು ನಿದ್ದೆಯನ್ನೇ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಮನೆ ಅವ್ವನಿಗೆ, ಹೊಲ ಮಕ್ಕಳಿಬ್ಬರಿಗೆ ಎರಡೆರಡು ಎಕರೆ ಎಂದು ಬರೆದಿಟ್ಟು ಹೋಗಿದ್ದ. ಹೊಲ ಮಾಡುವವನು ಯತೀಶ. ಬೋರ್‌ವೆಲ್ ಹಾಕಿಸಿದವನೂ ಅವನೇ, ಈಗಲೂ ಕುರಿ ಸಾಕುವವನೂ ಅವನೇ. ಸುಗ್ಗಿಯಾದ ಮೇಲೆ ನನ್ನ ಪಾಲಿನದೆಂದು ಒಂದಿಷ್ಟು ದುಡ್ಡು ಕಳಿಸುತ್ತಿದ್ದ. ನಾನು ಎಷ್ಟು ಅಂತ ಕೇಳುತ್ತಿರಲಿಲ್ಲ, ಅವನು ಲೆಕ್ಕ ಹೇಳುತ್ತಿರಲಿಲ್ಲ.

ಈ ಸಲ ನಾಗರಪಂಚಮಿಗೆ ಅವನೇ ಫೋನ್ ಮಾಡಿ ಕರೆದ. “ಅಕ್ಕ, ತಪ್ಪಿಸ್ಬ್ಯಾಡ. ಒಂದ್ ಮಾತು ಆಡಾದೈತೆ.”

ಮಾತು ಏನೆಂದು ನನಗೆ ಅಲ್ಲೇ ತಿಳಿಯಿತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುತ್ತಾರೆ. ಉಂಡೆ ತಿನ್ನಿಸುತ್ತಾರೆ, ಸೀರೆ ಕೊಟ್ಟು ಉಡಿ ತುಂಬುತ್ತಾರೆ. ಆಸ್ತಿಯ ವಿಚಾರ ಬಾಕಿ ಇದ್ದರೆ ಅದೇ ಹೊತ್ತಿನಲ್ಲಿ, ಬಾಯಲ್ಲಿ ಇನ್ನೂ ಉಂಡೆ ಇರುವಾಗಲೇ, ಹಕ್ಕು ಬಿಡುಗಡೆ ಪತ್ರದ ಮಾತು ತೆಗೆಯುತ್ತಾರೆ. ನಮ್ಮ ಸೋದರತ್ತೆ ಹುಚ್ಚಮ್ಮನ ಕಾಲದಲ್ಲಿ ಬರೀ ಸೀರೆಗೇ ಸಹಿ ಬೀಳುತ್ತಿತ್ತು. ಈಗ ಕಾನೂನು ಬಂದ ಮೇಲೆ ದುಡ್ಡು ಕೊಡುತ್ತಾರೆ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಕಾರಿ ಬೆಲೆಗೆ. ನೋಂದಣಿಯ ಶುಲ್ಕ ಲೆಕ್ಕ ಹಾಕಲು ಸರ್ಕಾರ ಇಟ್ಟುಕೊಂಡಿರುವ ಬೆಲೆ ಅದು. ಆ ಬೆಲೆಗೆ ಹೊರಗಿನವರಿಗೆ ಯಾರೂ ಒಂದು ಗುಂಟೆಯನ್ನೂ ಮಾರುವುದಿಲ್ಲ. ನಮ್ಮೂರಲ್ಲಿ ಅದಕ್ಕೆ ಹೆಣ್ಣುಮಕ್ಕಳ ರೇಟು ಅಂತಲೇ ಹೆಸರು. ಮಾಂಸಕ್ಕೊಂದು ರೇಟು, ಉಣ್ಣೆಗೊಂದು ರೇಟು ಇರುವ ಹಾಗೆ ಇದೂ ಒಂದು ರೇಟು. ಯಾರೂ ಇದನ್ನು ಮೋಸ ಅನ್ನುವುದಿಲ್ಲ, ಕೊಡುವವರೂ ಅನ್ನುವುದಿಲ್ಲ, ತೆಗೆದುಕೊಳ್ಳುವವರೂ ಅನ್ನುವುದಿಲ್ಲ.

ಹೋದೆ. ತಮ್ಮನ ಹೆಂಡತಿ ಕರುಣಾ ಎಳ್ಳುಂಡೆ, ಶೇಂಗಾ ಉಂಡೆ ತಂದಿಟ್ಟಳು. ಅವ್ವ ಗುತ್ಯಮ್ಮ ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರುತ್ತಿದ್ದಳು. ಯತೀಶ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಎದುರಿಗೆ ಕೂತ.

“ಅಕ್ಕ, ನಿನ್ನ ಲೆಕ್ಕದಾಗೇ ಮಾತಾಡಾನ,” ಅಂದ. “ರೋಡಿಗೆ ಹತ್ತಿದ ಹೊಲ, ಎಕರೆಗೆ ಈಗ ಮೂವತ್ತು ಲಕ್ಷ ನಡೀತೈತೆ. ಬೀಜ, ಗೊಬ್ಬರ, ಆಳು, ಬೋರಿನ ಖರ್ಚು, ನನ್ನ ಕೂಲಿ ಎಲ್ಲಾ ಕಳದು ಎಕರೆಗೆ ಉಳಿಯಾದು ನಲವತ್ತೈದು ಸಾವಿರ. ಸುಳ್ಳು ಹೇಳಿದ್ರೆ ಅಪ್ಪನ ಆಣೆ. ನೂರಕ್ಕೆ ಎಷ್ಟು ಬಿತ್ತು?”

“ಒಂದೂವರೆ,” ಅಂದೆ.

“ಬ್ಯಾಂಕಿನಾಗ ಇಟ್ರೆ?”

“ಏಳು.”

“ಮತ್ತೆ? ಊರಿಗೆಲ್ಲ ಏಳು ಏಳು ಅಂತ ಹೇಳಾಕಿ ನೀನು. ಒಂದೂವರೆ ಕೊಡಾ ಮಾಲು ಯಾಕೆ ಇಟ್ಕಂಡಿದಿ? ನಿನ್ನ ಎರಡೆಕರೆಗೆ ಸರ್ಕಾರಿ ರೇಟ್ನಾಗ ಹತ್ತು ಲಕ್ಷ ಆಕ್ಕೈತೆ. ಒಂದೇ ಗಂಟು ಕೊಡ್ತೀನಿ. ಬ್ಯಾಂಕಿನಾಗ ಹಾಕಿ ಕಾಲ್ಮ್ಯಾಲೆ ಕಾಲು ಹಾಕ್ಕಂಡು ಕುಂದ್ರು.”

ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ವಾಪಸಿಟ್ಟೆ. ನನ್ನ ಮಾತನ್ನೇ ಕಲಿತು ನನಗೇ ಒಪ್ಪಿಸಿದ್ದ, ಒಂದು ಅಕ್ಷರ ತಪ್ಪಿರಲಿಲ್ಲ.

“ಹೂಂ ಅನ್ನವ್ವ,” ಎಂದಳು ಅವ್ವ. “ತವರುಮನಿ ಬಾಗ್ಲು ಯಾವಾಗ್ಲೂ ತೆರದಿರ್ಬೇಕು. ಹೊಲದ ಸಲುವಾಗಿ ತಮ್ಮನ ಜೊತೆ ಮಾತು ಬಿಟ್ಟೋರನ್ನ ಎಷ್ಟ್ ಮಂದಿ ನೋಡಿಲ್ಲ ನಾವು.”

ಅವ್ವ ಹೆದರಿಸಲಿಲ್ಲ, ಹೆದರಿಕೊಂಡೇ ಹೇಳಿದಳು. ಅದು ನನಗೆ ಇನ್ನೂ ಕಷ್ಟವಾಯಿತು. ಅಕ್ಟೋಬರಿನ ಭೂಮಿ ಹುಣ್ಣಿಮೆಗೆ ಬಂದಾಗ ಹೇಳುತ್ತೇನೆ ಎಂದು ವಾಯಿದೆ ಕೇಳಿದೆ. ಯತೀಶ ಆಗಲಿ ಅಂದ, ಪತ್ರ ಅಷ್ಟರಲ್ಲಿ ಟೈಪ್ ಮಾಡಿಸಿಟ್ಟಿರುತ್ತೇನೆ ಅಂದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಬರುವವರೆಗೂ ನನ್ನ ತಲೆಯಲ್ಲಿ ಅದೇ. ಕೊಡಲು ಮನಸ್ಸಿಲ್ಲ. ಯಾಕಿಲ್ಲ ಎಂದು ನನ್ನನ್ನೇ ಕೇಳಿಕೊಂಡರೆ, ಅಪ್ಪ ನಿದ್ದೆಗೆಟ್ಟ ಆ ರಾತ್ರಿ ಬಿಟ್ಟು ಬೇರೆ ಕಾರಣ ಸಿಗಲಿಲ್ಲ. ಕೌಂಟರಿನಲ್ಲಿ ಕೂತು ಎಷ್ಟು ಜನಕ್ಕೆ ನಾನೇ ಹೇಳಿದ್ದೇನೆ, ಪ್ರೀತಿಗೋಸ್ಕರ ಶೇರು ಇಟ್ಟುಕೊಳ್ಳಬೇಡಿ, ಅದು ನಿಮ್ಮನ್ನು ಪ್ರೀತಿಸುವುದಿಲ್ಲ ಎಂದು. ಬೇರೆಯವರಿಗೆ ಹೇಳಿದ್ದನ್ನು ನನ್ನ ಸರದಿ ಬಂದಾಗ ಪಾಲಿಸದಿದ್ದರೆ ನಾನು ಎಂಥ ಹೆಂಗಸು? ಹಟ ಇರುವುದು ನಿಜ, ಆದರೆ ನನ್ನ ಹಟ ನಿಯಮದ ಪರವಾಗಿ ಇರಬೇಕು, ನನ್ನ ಪರವಾಗಿ ಅಲ್ಲ.

ಹೀಗೆ ಅಂದುಕೊಂಡು ನಾನು ಒಪ್ಪುವ ತೀರ್ಮಾನಕ್ಕೆ ಬಂದೆ. ನಮ್ಮವರಿಗೂ ಹೇಳಿದೆ. “ನಿನ್ನ ತವರಿನ ವಿಷಯ, ನಾನೆಂತ ಹೇಳ್ಲಿ,” ಅಂದರು. ಅನ್ನ ಕಲಸುತ್ತಾ ಕೂತವಳಿಗೆ ಕಣ್ಣಲ್ಲಿ ನೀರು ಬಂತು. ಅವರು ನೋಡಿದರು, ಮಜ್ಜಿಗೆ ಪಾತ್ರೆ ನನ್ನ ಕಡೆ ಸರಿಸಿದರು.

ಸೆಪ್ಟೆಂಬರಿನಲ್ಲಿ ಸ್ಟಾಫ್ ರೂಮಿನ ಮೇಲೆ ಸಿಡಿಲು ಬಿತ್ತು. ಸೋಲಾರ್ ಪಂಪಿಗೆ ಸರ್ಕಾರದಿಂದ ಬರುವ ಹಣ ತಡವಾಗುತ್ತದೆ ಅಂತ ಯಾವುದೋ ಸುದ್ದಿ. ವರ್ಷದುದ್ದಕ್ಕೂ ಜಾರುತ್ತಾ ಬಂದಿದ್ದ ಆ ಕಂಪನಿಯ ಶೇರು ಈಗ ಪಾತಾಳ ಕಂಡಿತು. ಡ್ರಿಲ್ ಮೇಷ್ಟ್ರು ಹೊಸ ಬೈಕಿನ ದುಡ್ಡು ಕಳೆದುಕೊಂಡರು. ಎಲ್ಲರೂ ಸಿಕ್ಕಿದ ಬೆಲೆಗೆ ಮಾರಿ, ಶೇರು ಅಂದರೆ ಜೂಜು ಎಂದು ಒಬ್ಬರಿಗೊಬ್ಬರು ಉಪದೇಶ ಮಾಡಿಕೊಂಡರು. ನಮ್ಮವರು ಮನೆಗೆ ಬಂದು, ಉಳಿದುಕೊಂಡವರ ಖುಷಿಯಲ್ಲಿ ಇದನ್ನೆಲ್ಲ ಬಣ್ಣಿಸಿದರು.

“ಈಗ ಎಷ್ಟಿದೆ?” ಅಂದೆ.

“ನೂರ ಮೂವತ್ತು. ನೀನು ಅವತ್ತು ತಡೆದಿದ್ದು ದೇವರು ತಡೆದ ಹಾಗೆ ಆಯ್ತು.”

“ಲಾಭ ಎಷ್ಟಿದೆ ಅಂದೆ.”

ಈ ಸಲ ಅವರಿಗೆ ಎಲ್ಲಿ ನೋಡಬೇಕೆಂದು ಗೊತ್ತಿತ್ತು. “ಅದೇ ಹನ್ನೆರಡು.”

ನಾನು ಎರಡು ದಿನ ಕೂತು ಆ ಕಂಪನಿಯ ಲೆಕ್ಕಪತ್ರ ಓದಿದೆ. ಸಾಲ ಹೆಚ್ಚೇನಿರಲಿಲ್ಲ. ಐದು ವರ್ಷದಿಂದ ಲಾಭ ಹತ್ತಕ್ಕಿಂತ ಕೆಳಗೆ ಇಳಿದಿರಲಿಲ್ಲ. ಹಣ ತಡವಾಗಬಹುದು, ರೈತರು ಪಂಪು ಕೊಳ್ಳುವುದು ನಿಲ್ಲುವುದಿಲ್ಲ. ಮೂರನೆಯ ದಿನ ಸಂಜೆ ನಮ್ಮವರಿಗೆ ಹೇಳಿದೆ, ಠೇವಣಿಯಲ್ಲಿ ಕಾಲು ಭಾಗ ಮುರಿದು ಆ ಶೇರು ಕೊಳ್ಳೋಣ ಎಂದು.

ಅವರು ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. “ತಲೆ ಸರಿ ಇದ್ಯಾ ಮಾರಾಯ್ತಿ? ಎಲ್ರೂ ಕುಣೀತಿದ್ದಾಗ ಬೇಡ ಅಂದೆ. ಎಲ್ರೂ ಅಳ್ತಿರೋವಾಗ ಬೇಕು ಅಂತೀಯ. ಅದೇ ಕಂಪನಿ ಅಲ್ವಾ?”

“ಕಂಪನಿ ಅದೇ. ಹನ್ನೆರಡು ರೂಪಾಯೂ ಅದೇ. ಆರುನೂರು ಕೊಟ್ರೆ ಅದು ಎರಡು ಪರ್ಸೆಂಟು. ನೂರ ಮೂವತ್ತು ಕೊಟ್ರೆ ಒಂಬತ್ತು ದಾಟತ್ತೆ. ಬಾಂಡಿಗಿಂತ ಮೇಲೆ. ಎಷ್ಟು ಪರ್ಸೆಂಟು ಅನ್ನೋದು ಕಂಪನಿ ಒಳಗೆ ಇರೋದಲ್ಲ ಕಣ್ರೀ, ಯಾವ ಬೆಲೆಗೆ ಕೈ ಬದಲಾಗತ್ತೋ ಆ ಬೆಲೆಗೆ...”

ಅಲ್ಲಿಗೆ ನನ್ನ ಮಾತು ನಿಂತಿತು.

ಯಾವ ಬೆಲೆಗೆ ಕೈ ಬದಲಾಗುತ್ತದೋ ಆ ಬೆಲೆಗೆ. ಹೊಲ ಯಾವ ಬೆಲೆಗೆ ಕೈ ಬದಲಾಗುವುದರಲ್ಲಿತ್ತು? ಮೂವತ್ತು ಲಕ್ಷಕ್ಕಲ್ಲ. ಎಕರೆಗೆ ಐದು ಲಕ್ಷಕ್ಕೆ. ಐದು ಲಕ್ಷಕ್ಕೆ ನಲವತ್ತೈದು ಸಾವಿರ ಅಂದರೆ ನೂರಕ್ಕೆ ಒಂಬತ್ತು. ನನ್ನ ನಿಯಮದ ಪ್ರಕಾರ ಅದು ಮಾರುವ ಮಾಲಲ್ಲ, ಕೊಳ್ಳುವ ಮಾಲು. ಒಂಬತ್ತು ದುಡಿಯುವುದನ್ನು ಕೊಟ್ಟು ಏಳರ ಠೇವಣಿ ಇಟ್ಟುಕೊಂಡು ಕಾಲ ಮೇಲೆ ಕಾಲು ಹಾಕಲು ಹೊರಟಿದ್ದೆ ನಾನು!

ಸಿಟ್ಟು ನೆತ್ತಿಗೇರಿತು. ಯತೀಶನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಊರವರ ಒಂದೊಂದು ಶೇರಿನ ಬೆಲೆಯನ್ನು ಪ್ರಶ್ನೆ ಮಾಡುವವಳು ನನ್ನ ಹೊಲದ ಬೆಲೆಯನ್ನು ಪ್ರಶ್ನಿಸಲೇ ಇಲ್ಲ. ಹೆಣ್ಣುಮಕ್ಕಳ ರೇಟು ಅಂದ ಕೂಡಲೇ ಅದು ಬೆಲೆಯೆಂದೇ ನನಗೆ ಅನ್ನಿಸಿರಲಿಲ್ಲ. ಕುಂಕುಮ ಕೊಟ್ಟರೆ ಹಣೆ ಒಡ್ಡುತ್ತೇವಲ್ಲ, ಹಾಗೆ ಒಡ್ಡಿಬಿಟ್ಟಿದ್ದೆ. ಯತೀಶ ಬೇಕೆಂದೇ ಎರಡು ಬೆಲೆ ಹಿಡಿದು ಮಾತಾಡಿದನೋ, ಅಥವಾ ರೂಢಿ ಅವನ ಕಣ್ಣನ್ನೂ ಕಟ್ಟಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಎಂತ ಆಯ್ತೆ?” ಅಂದರು ನಮ್ಮವರು.

ಹೇಳಿದೆ. “ಇದನ್ನ ಅಲ್ಲಿ ಹೇಳಿದ್ರೆ ತವರು ಹೋಗತ್ತೆ, ನೋಡ್ಕೋ,” ಅಂದರು.

“ಹೇಳದಿದ್ರೆ ನಾನೇ ಹೋಗ್ತೀನಿ,” ಅಂದೆ.

ಧೈರ್ಯವಾಗಿ ಅಂದೆನೇ ಹೊರತು, ಭಯ ಬಿಟ್ಟಿರಲಿಲ್ಲ. ಅವ್ವನ ಕೈ ಬೆನ್ನ ಮೇಲೆ ಆಡಿದ್ದು ನೆನಪಾಗುತ್ತಿತ್ತು. ಆ ಮನೆಗೆ ಮತ್ತೆ ಹೋದಾಗ ಕರುಣಾ ನೀರು ತಂದುಕೊಡದೆ ಒಳಗೇ ಉಳಿದರೆ? ಯತೀಶ ಹಾದಿಯಲ್ಲಿ ಸಿಕ್ಕಿ ಮುಖ ತಿರುಗಿಸಿದರೆ? ಇದಕ್ಕೆಲ್ಲ ಎಷ್ಟು ಪರ್ಸೆಂಟು ಹಾಕಬೇಕೆಂದು ನನಗೆ ಗೊತ್ತಿರಲಿಲ್ಲ. ಆದರೆ ಒಂದು ಗೊತ್ತಿತ್ತು: ಹೋಗಿ ಕೂಗಾಡಿದರೆ ಆಸೆಬುರುಕಿ ಅನ್ನುತ್ತಾರೆ, ಅತ್ತರೆ ಸಮಾಧಾನ ಮಾಡಿ ಸಹಿ ಹಾಕಿಸುತ್ತಾರೆ. ಎರಡೂ ಬೇಡ. ಸಂಘದಲ್ಲಿದ್ದ ನನ್ನ ಠೇವಣಿ ಬಿಡಿಸಿದೆ, ನಾಲ್ಕು ಹಳೆಯ ಶೇರು ಮಾರಿದೆ, ಹತ್ತು ಲಕ್ಷ ನನ್ನ ಖಾತೆಗೆ ಬಂದು ಕೂತಿತು. ಸೋಲಾರ್ ಪಂಪಿನ ಶೇರನ್ನು ನಮ್ಮವರ ದುಡ್ಡಿನಲ್ಲಿ ಸ್ವಲ್ಪವೇ ಕೊಂಡೆವು.

ಭೂಮಿ ಹುಣ್ಣಿಮೆ ಬಂತು. ಅವತ್ತು ಭೂಮಿತಾಯಿ ಬಸುರಿ ಎಂದು ಹೊಲಕ್ಕೇ ಅಡುಗೆ ಒಯ್ದು, ಪೈರಿಗೆ ಪೂಜೆ ಮಾಡಿ, ಬಯಕೆಯ ಊಟ ಬಡಿಸಿ, ನಾವೂ ಅಲ್ಲೇ ಕೂತು ಉಣ್ಣುತ್ತೇವೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು ನಾನೊಬ್ಬಳೇ ಹೋದೆ. ಒಂದು ಕಡೆ ಮೆಕ್ಕೆಜೋಳ ಒಣಗಿ ನಿಂತಿತ್ತು, ಇನ್ನೊಂದು ಕಡೆ ಭತ್ತ ಹೊಡೆ ಬಿಚ್ಚಿ ತೆನೆ ಹಾಕುತ್ತಿತ್ತು. ಬದುವಿನ ಹತ್ತಿರ ಪೂಜೆ ಆಯಿತು. ಯತೀಶ ಪೂಜೆಯ ಅಡುಗೆಯನ್ನು ಹೊಲದ ಸುತ್ತ ಚರಗವೆಂದು ಚೆಲ್ಲಿ ಬಂದ.

ಊಟಕ್ಕೆ ಎಲೆ ಹಾಕುವ ಮೊದಲು ಕರುಣಾ ತಟ್ಟೆ ತಂದಿಟ್ಟಳು. ಹಸಿರು ಸೀರೆ, ಕುಪ್ಪಸದ ಕಣ, ತೆಂಗಿನಕಾಯಿ, ಅಕ್ಕಿ. ಯತೀಶ ಪ್ಲಾಸ್ಟಿಕ್ ಕವರಿನಿಂದ ಟೈಪ್ ಮಾಡಿಸಿದ ಪತ್ರ ತೆಗೆದು ಸೀರೆಯ ಮೇಲೆ ಇಟ್ಟ. ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ತೆಂಗಿನಕಾಯಿ ಇಟ್ಟ.

“ನಾಳೆ ಶಿಕಾರಿಪುರದಾಗ ರಿಜಿಸ್ಟ್ರಿ ಇಟ್ಕಂಡೀನಿ. ಇದನ್ನ ಒಂದ್ಸಲ ಓದಿ ನೋಡಕ್ಕ.”

ನಾನು ಓದಲಿಲ್ಲ. “ಯತೀಶ, ಈ ಹೊಲ ಎಕರೆಗೆ ಎಷ್ಟು ದುಡೀತೈತೆ ಅಂದಿದ್ದಿ?” ಅಂದೆ. ಆ ಹೊಲದಲ್ಲಿ ಕೂತರೆ ನನ್ನ ನಾಲಿಗೆ ತಾನೇ ಊರಿನ ಮಾತಿಗೆ ತಿರುಗುತ್ತದೆ.

“ನಲವತ್ತೈದು.”

“ನೀನು ನನಗೆ ಕೊಡಾ ಬೆಲೆ?”

“ಎಕರೆಗೆ ಐದು ಲಕ್ಷ. ಗೊತ್ತಿದ್ದದ್ದೇ ಅಲ್ಲೇನು?”

“ಐದು ಲಕ್ಷಕ್ಕೆ ನಲವತ್ತೈದು ಸಾವಿರ. ನೂರಕ್ಕೆ ಒಂಬತ್ತಾತು. ಒಂದೂವರೆ ಎಲ್ಲಿಂದ ಬಂತು?”

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. “ಅದು... ಮೂವತ್ತು ಲಕ್ಷದ ಮ್ಯಾಲೆ ಹೇಳಿದ್ದು.”

“ಹಂಗಾರೆ ಮೂವತ್ತು ಲಕ್ಷ ಕೊಡು. ಒಂದೂವರೆ ಬಿಟ್ಟು ಏಳಕ್ಕೆ ಹೋಗ್ತೀನಿ. ನಿಂತ ಕಾಲ ಮ್ಯಾಲೆ ಸಹಿ ಹಾಕ್ತೀನಿ.”

“ಅರವತ್ತು ಲಕ್ಷ ನಾನು ಎಲ್ಲಿಂದ ತರ್ಲಿ? ಕುರಿ, ಅವ್ವನ ಮನಿ, ಹೆಂಡ್ತಿ ತಾಳಿ ಎಲ್ಲಾ ಮಾರಿದ್ರೂ ಆಗಲ್ಲ.” ಅವನ ದನಿ ಏರಿತು. “ಊರಾಗ ಎಲ್ಲಾರೂ ಹೆಣ್ಮಕ್ಳಿಗೆ ಇದೇ ರೇಟು ಕೊಡಾದು. ನಾನೇನು ಹೊಸದಾಗಿ ಹುಟ್ಟಿಸಿದ್ನಾ? ಬಿಸ್ಲಾಗ ಸಾಯಾನು ನಾನು, ಬೋರು ಹಾಕ್ಸಿದೋನು ನಾನು.”

“ನಿನ್ನ ಕೂಲಿ, ಬೋರಿನ ಖರ್ಚು ಕಳದೇ ನಲವತ್ತೈದು ಅಂತ ನೀನೇ ಹೇಳಿದಿ. ಅಪ್ಪನ ಆಣೆ ಇಟ್ಟು ಹೇಳಿದಿ. ಅದನ್ನ ನಾನು ನಂಬೀನಿ. ಇಲ್ಲದ ದುಡ್ಡು ತಾ ಅಂತ ನಿನ್ನ ಕೇಳಲ್ಲ.” ನಾನು ಚೀಲವನ್ನು ಹತ್ತಿರ ಎಳೆದುಕೊಂಡೆ. “ಐದೇ ಈ ಹೊಲದ ನ್ಯಾಯದ ಬೆಲೆ ಅಂತೀಯಲ್ಲ? ಆಗ್ಲಿ. ಆ ಬೆಲೆಗೆ ನಿನ್ನ ಎರಡೆಕರೆ ನನಗೆ ಕೊಡು.”

ಚೀಲದಿಂದ ಚೆಕ್ಕು ತೆಗೆದು ಅವನ ಮುಂದೆ ಇಟ್ಟೆ. ಅವನ ಹೆಸರು, ಹತ್ತು ಲಕ್ಷ, ನನ್ನ ಸಹಿ, ಎಲ್ಲ ಬರೆದೇ ತಂದಿದ್ದೆ.

ಅವನು ಮೊದಲು ನಕ್ಕ. ಕರುಣಾ ಬಗ್ಗಿ ಚೆಕ್ಕು ನೋಡಿ, ಅವನ ತೋಳು ಮುಟ್ಟಿದಳು. ಆಮೇಲೆ ಅವನೂ ನೋಡಿದ. ಮುಖ ಕೆಂಪಾಯಿತು. ಎದ್ದು ನಿಂತೇಬಿಟ್ಟ.

“ತಲಿ ಕೆಟ್ಟೈತೇನು ನಿನಗೆ? ನೀರಿರಾ ಹೊಲ, ರೋಡಿನ ಹೊಲ! ಐದು ಲಕ್ಷಕ್ಕೆ ಇದನ್ನ ಯಾವ ಮುಟ್ಠಾಳ ಬಿಡ್ತಾನೆ?”

ಹೇಳಿದವನಿಗೇ ಅದು ಕೇಳಿಸಿತು.

ಅವ್ವ ಎಲೆ ಒರೆಸುತ್ತಾ ಕೂತಿದ್ದಳು. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

“ಅದೇ ಐದು ಲಕ್ಷಕ್ಕೆ ನಿಮ್ಮಕ್ಕಗೆ ಬಿಡು ಅಂದ್ಯಲ್ಲೋ,” ಅಂದಳು.

ಜೋರಾಗಿ ಹೇಳಲಿಲ್ಲ. ಯತೀಶ ಅವಳನ್ನು ನೋಡಿದ, ನನ್ನನ್ನು ನೋಡಲಿಲ್ಲ. ಬದುವಿನ ಮೇಲೆ ಹಾಗೇ ಕುಸಿದು ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸುತ್ತಿದ್ದ. ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಆ ಟವೆಲ್ಲು ನೋಡಿ ಇಳಿದುಹೋಯಿತು, ಆದರೆ ತೀರ್ಮಾನ ಇಳಿಯಲಿಲ್ಲ.

“ನಾನು ಮಾರಲ್ಲ, ನಿನ್ನದು ಕೊಳ್ಳಾಕೂ ಬಂದಿಲ್ಲ,” ಅಂದೆ ಚೆಕ್ಕನ್ನು ಹರಿದು. “ಹೊಲ ಇಬ್ಬರ ಹೆಸರಿಗೂ ಬೇರೆ ಬೇರೆ ಆಗ್ಲಿ. ನಾಳೆ ಹೆಂಗೂ ಶಿಕಾರಿಪುರಕ್ಕೆ ಹೊಂಟಿದೀಯಲ್ಲ, ಅಳತೆ ಮಾಡ್ಸಿ ಪೋಡಿಗೆ ಅರ್ಜಿ ಕೊಡಾನ. ನನ್ನ ಎರಡೆಕರೆನೂ ನೀನೇ ಮಾಡು. ನಿನ್ನ ಕೂಲಿ, ಖರ್ಚು ಹಿಡಕಂಡು ಉಳಿದದ್ದು ಕೊಡು. ಮಳಿ ಕೈಕೊಟ್ಟ ವರ್ಷ ಕಡಿಮಿ ಬಂದ್ರೆ ನನಗೂ ಕಡಿಮಿ. ಬ್ಯಾಂಕಿನ ಹಂಗೆ ಏಳೇ ಬೇಕು ಅಂತ ಕೂರಲ್ಲ.”

ಕರುಣಾ ನನ್ನ ಕಡೆಗೂ ಗಂಡನ ಕಡೆಗೂ ನೋಡುತ್ತಾ ನಿಂತಿದ್ದಳು. ಉಡಿ ತುಂಬುವ ತಟ್ಟೆಯನ್ನು ಪಕ್ಕಕ್ಕೆ ತೆಗೆದಿಡಬೇಕೋ, ಮುಂದೆ ತರಬೇಕೋ ಅವಳಿಗೆ ತಿಳಿಯಲಿಲ್ಲ. ಪತ್ರ ಮುಂದಿಟ್ಟ ಮೇಲೆ ಸಹಿ ಆಗದೆ ಆ ಮನೆಯಲ್ಲಿ ಹಿಂದೆ ಯಾರೂ ಉಡಿ ತುಂಬಿರಲಿಲ್ಲ. ನಾನು ಏಳಲು ಸೆರಗು ಸರಿ ಮಾಡಿಕೊಂಡೆ. ಇದೇ ಕೊನೆಯ ಸಲವಿರಬಹುದು ಅನ್ನಿಸಿತು. ಆದರೂ ಎದ್ದೆ.

“ಎಲ್ಲಿಗೆ ಎದ್ದಿ? ಕುಂದ್ರು,” ಅಂದಳು ಅವ್ವ.

ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ತೆಂಗಿನಕಾಯಿ ಎತ್ತಿ, ಅದರ ಕೆಳಗಿದ್ದ ಪತ್ರ ತೆಗೆದು ಯತೀಶನ ಕೈಗೆ ಕೊಟ್ಟಳು. ಅವನು ಅದನ್ನು ಎರಡು ಸಲ ಮಡಚಿ ಜೇಬಿಗೆ ಹಾಕಿಕೊಂಡ. ಅವ್ವ ನನ್ನ ಸೆರಗು ಒಡ್ಡಿಸಿ, ಅಕ್ಕಿ, ಕಾಯಿ, ಕಣ ಒಂದೊಂದಾಗಿ ಹಾಕಿದಳು. ಅವಳ ಕೈ ನಿಧಾನವಾಗಿ ನಡೆಯುತ್ತಿತ್ತು, ಮುಖದಲ್ಲಿ ಪಂಚಮಿಯ ದಿನದ ಹೆದರಿಕೆ ಇರಲಿಲ್ಲ.

“ಅಕ್ಕ,” ಅಂದ ಯತೀಶ ಕೊನೆಗೆ, ನೆಲ ನೋಡುತ್ತಾ. “ಪೋಡಿ ಅರ್ಜಿಗೆ ಏನೇನು ತರ್ಬೇಕು?”

“ಆಧಾರು, ಪಹಣಿ, ಅಪ್ಪ ಬರೆದಿಟ್ಟ ಪತ್ರ,” ಅಂದೆ. ಅವನು ಹೂಂ ಅಂದು, ನನ್ನ ಎಲೆಗೆ ತಾನೇ ಕಡುಬು ಬಡಿಸಿದ.